ಕಚ್ಚಿದ ಉಣ್ಣಿಗೆ ಚಿಮಿಣಿ ಎಣ್ಣೆ ಬೇಡ, ಚಿಮುಟ ಸಾಕು

ಡಿಸೆಂಬರ್ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯವೇ ಬದಲಾಗುತ್ತದೆ. ಮಳೆಗಾಲದ ಇಲಿಜ್ವರ, ಡೆಂಗ್ಯೂ ಹಿಂದೆ ಸರಿದು ಉಣ್ಣಿ ಮುಂದೆ ಬರುತ್ತದೆ. ನನ್ನ ಕ್ಲಿನಿಕ್ ಇರುವುದು ಹೆಬ್ರಿಯ ಆಚೆ, ಆಗುಂಬೆ ಘಾಟಿಯ ಬುಡದಲ್ಲಿ. ಇಲ್ಲಿ ಚಳಿಗಾಲದಿಂದ ಮೊದಲ ಮಳೆ ಬೀಳುವವರೆಗೂ ಮೇಜಿನ ಡ್ರಾಯರಿನಲ್ಲಿ ಚೂಪು ಮೂತಿಯ ಚಿಮುಟ ಸದಾ ಕೈಗೆ ಸಿಗುವಂತೆ ಇಟ್ಟಿರುತ್ತೇನೆ. ಒಂದೇ ವಿಷಯದ ಪತ್ರಗಳು ಇಷ್ಟು ಬಂದಿರುವಾಗ ಈ ಸಲದ ಪುಟವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಹೆಬ್ರಿ ಹತ್ತಿರದ ಸೋಮೇಶ್ವರದಲ್ಲಿರುವ ಅಜ್ಜನ ಮನೆಯಿಂದ ಬಂದ ಮರುದಿನ ಕಿವಿಯ ಹಿಂದೆ ಕಪ್ಪು ಚುಕ್ಕೆ ಕಾಣಿಸಿತು, ನೋಡಿದರೆ ಉಣ್ಣಿ. ನಮ್ಮ ಅತ್ತೆ ಚಿಮಿಣಿ ಎಣ್ಣೆ ಹಚ್ಚಿದರು. ಬಿಡಲಿಲ್ಲ. ಬೆಂಕಿಕಡ್ಡಿ ಗೀರಿ ಆರಿಸಿ ತಾಗಿಸಲು ಹೊರಟಾಗ ನಾನು ತಡೆದೆ. ಕೊನೆಗೆ ಮನೆಯವರು ಉಗುರಿನಲ್ಲಿ ಕಿತ್ತರು. ಸರಿಯಾದ ಕ್ರಮ ಯಾವುದು ಡಾಕ್ಟರಮ್ಮ?
— ಒಬ್ಬ ತಾಯಿ, ಮಣಿಪಾಲ

ಉತ್ತರ: ಬೆಂಕಿಕಡ್ಡಿಯನ್ನು ತಡೆದಿರಲ್ಲ, ಬಹಳ ಒಳ್ಳೆಯದಾಯಿತು. ನಿಮ್ಮ ಅತ್ತೆಯವರ ಮೇಲೆ ಬೇಸರ ಮಾಡಿಕೊಳ್ಳಬೇಡಿ, ನಮ್ಮ ಕಡೆ ತಲೆಮಾರುಗಳಿಂದ ನಡೆದು ಬಂದ ಕ್ರಮ ಅದು. ಆದರೆ ಅದನ್ನು ಇನ್ನು ಬಿಡಬೇಕು. ಯಾಕೆ ಎನ್ನುವುದನ್ನು ಅವರಿಗೂ ಓದಿ ಹೇಳಿ.

ಉಣ್ಣಿ ಸೊಳ್ಳೆಯಂತೆ ಕಚ್ಚಿ ಹಾರಿಹೋಗುವುದಿಲ್ಲ. ಅದರ ಬಾಯಿಯಲ್ಲಿ ಹಿಮ್ಮುಖವಾದ ಸಣ್ಣ ಮುಳ್ಳುಗಳಿವೆ. ಅದನ್ನು ಚರ್ಮದೊಳಗೆ ಇಳಿಸಿದ ಮೇಲೆ ಅನೇಕ ಜಾತಿಯ ಉಣ್ಣಿಗಳು ಅಂಟಿನಂಥ ದ್ರವ ಬಿಟ್ಟು ಅಲ್ಲೇ ಗಟ್ಟಿಯಾಗಿ ಕೂರುತ್ತವೆ. ಜೊಲ್ಲಿನಲ್ಲಿ ಜೋಮು ಹಿಡಿಸುವ ಅಂಶ ಇರುವುದರಿಂದ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಹಾಗೆ ಕೂತು ದಿನಗಟ್ಟಲೆ ರಕ್ತ ಹೀರುತ್ತದೆ. ಈಗ ಅದರ ಮೇಲೆ ಚಿಮಿಣಿ ಎಣ್ಣೆಯೋ ಸುಣ್ಣವೋ ಹೊಗೆಸೊಪ್ಪಿನ ರಸವೋ ಬಿತ್ತು ಎನ್ನಿ. ಅದು ತಕ್ಷಣ ಬಾಯಿ ಬಿಡುವುದಿಲ್ಲ, ಒದ್ದಾಡುತ್ತದೆ. ಒದ್ದಾಡುವಾಗ ಹೊಟ್ಟೆಯಲ್ಲಿದ್ದದ್ದನ್ನೂ ಜೊಲ್ಲನ್ನೂ ಗಾಯದೊಳಕ್ಕೆ ಕಾರಿಬಿಡಬಹುದು. ರೋಗಾಣು ಇದ್ದರೆ ಇರುವುದು ಅದರಲ್ಲೇ. ಬೆಂಕಿಯ ಕತೆಯೂ ಇದೇ, ಜೊತೆಗೆ ಮಗುವಿನ ಚರ್ಮ ಸುಡುತ್ತದೆ. ಉಗುರಿನಲ್ಲಿ ಹಿಚುಕಿ ಎಳೆದರೆ ಹೊಟ್ಟೆ ಒತ್ತಿದಂತಾಗಿ ಒಳಗಿನದು ಮತ್ತೆ ಗಾಯಕ್ಕೇ ಇಳಿಯುತ್ತದೆ, ನಿಮ್ಮ ಬೆರಳಿಗೂ ಮೆತ್ತುತ್ತದೆ.

ಚಿಮುಟ ತೆಗೆದುಕೊಳ್ಳಿ. ಹುಬ್ಬು ಕೀಳಲು ಬಳಸುವ ಚಪ್ಪಟೆ ಮೂತಿಯದ್ದು ಅಷ್ಟು ಸರಿಹೋಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ತುದಿ ಚೂಪಾಗಿರುವ ಟ್ವೀಜರ್ ಎಂದು ಕೇಳಿ. ಮಗುವನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಕೂದಲು ಸರಿಸಿ, ಇನ್ನೊಬ್ಬರ ಹತ್ತಿರ ಮೊಬೈಲ್ ಟಾರ್ಚ್ ಹಿಡಿಸಿ. ಉಣ್ಣಿಯ ಹೊಟ್ಟೆಯನ್ನು ಮುಟ್ಟಬೇಡಿ. ಬಾಯಿ ಚರ್ಮದೊಳಗೆ ಹೋಗಿರುವ ಜಾಗ ಕಾಣುತ್ತದಲ್ಲ, ಚಿಮುಟದ ತುದಿ ಚರ್ಮಕ್ಕೆ ತಾಗುವಷ್ಟು ಕೆಳಗೆ ಇಳಿಸಿ ಅಲ್ಲೇ ಹಿಡಿಯಬೇಕು. ಆಮೇಲೆ ನೇರ ಮೇಲಕ್ಕೆ, ನಿಧಾನವಾಗಿ, ಒಂದೇ ಸಮ ಎಳೆಯಿರಿ. ತಿರುಚುವುದು ಬೇಡ, ಫಕ್ಕನೆ ಜಗ್ಗುವುದೂ ಬೇಡ. ಚರ್ಮ ಸ್ವಲ್ಪ ಮೇಲೆದ್ದು ಬರುತ್ತದೆ, ಮಗು ‘ಅಮ್ಮಾ’ ಎನ್ನುತ್ತದೆ, ಆಗ ಕೈ ಸಡಿಲ ಬಿಡಬೇಡಿ. ಅದೇ ಬಿಗಿಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಹಿಡಿತ ಬಿಟ್ಟು ಕಾಲಾಡಿಸುತ್ತಾ ಇಡಿಯಾಗಿ ಹೊರಗೆ ಬರುತ್ತದೆ. ಅದರ ಬಾಯಿಯ ತುದಿಯಲ್ಲಿ ಚರ್ಮದ ಬಿಳಿ ಚೂರು ಅಂಟಿಕೊಂಡಿದ್ದರೆ ಗಾಬರಿ ಬೇಡ, ಚೆನ್ನಾಗಿ ಬಂದಿದೆ ಎಂದೇ ಅರ್ಥ.

ಕಚ್ಚಿದ ಜಾಗವನ್ನೂ ನಿಮ್ಮ ಕೈಯನ್ನೂ ಸೋಪು ಹಾಕಿ ತೊಳೆದು, ಗಾಯಕ್ಕೆ ಸ್ಪಿರಿಟ್ಟನ್ನೋ ಅಯೊಡಿನ್ ದ್ರಾವಣವನ್ನೋ ಹಚ್ಚಿ. ಉಣ್ಣಿಯನ್ನು ಕಲ್ಲಿನ ಮೇಲಿಟ್ಟು ಜಜ್ಜುವ ಅಭ್ಯಾಸ ಬಿಡಿ. ಸೆಲ್ಲೋಟೇಪಿನಲ್ಲಿ ಮಡಚಿಟ್ಟರೆ ಅಥವಾ ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿದರೆ ಸಾಯುತ್ತದೆ. ಕೊನೆಯ ಕೆಲಸವನ್ನು ಹೆಚ್ಚಿನವರು ಮಾಡುವುದೇ ಇಲ್ಲ, ನನಗೆ ಅತಿ ಮುಖ್ಯವಾಗಿ ಬೇಕಾದದ್ದು ಅದೇ: ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಚೌಕದೊಳಗೆ ‘ಉಣ್ಣಿ, ಸೋಮೇಶ್ವರ’ ಎಂದು ಬರೆದಿಡಿ. ಮೂರು ವಾರದೊಳಗೆ ಮಗನಿಗೆ ಜ್ವರ ಬಂದರೆ ಡಾಕ್ಟರ ಹತ್ತಿರ ಹೋದ ಕೂಡಲೇ ಮೊದಲು ಆ ಮಾತು ಹೇಳಿ. ಜ್ವರ ಬಾರದಿದ್ದರೆ ಯಾವ ಮಾತ್ರೆಯೂ, ಯಾವ ರಕ್ತಪರೀಕ್ಷೆಯೂ ಬೇಡ.

ಪ್ರಶ್ನೆ: ಎಳೆದಾಗ ತಲೆ ಒಳಗೇ ಉಳಿಯಿತು. ಈಗ ಅಲ್ಲಿ ಗಟ್ಟಿ ಗುಳ್ಳೆ, ತುರಿಕೆ. ಕುಯ್ದು ತೆಗೆಯಬೇಕೇ?
— ಓದುಗರು, ಕಾರ್ಕಳ

ಉತ್ತರ: ಬೇಡ. ಉಳಿದಿರುವುದು ತಲೆಯಲ್ಲ, ಬಾಯಿಯ ತುಣುಕು. ಅದು ಬೆಳೆಯುವುದಿಲ್ಲ, ಒಳಗೆ ಹರಿದಾಡುವುದೂ ಇಲ್ಲ. ಚಿಮುಟಕ್ಕೆ ಸುಲಭವಾಗಿ ಸಿಕ್ಕಿದರೆ ತೆಗೆಯಿರಿ, ಸಿಗದಿದ್ದರೆ ಬಿಟ್ಟುಬಿಡಿ, ಚರ್ಮವೇ ಹೊರಗೆ ತಳ್ಳುತ್ತದೆ. ಸೂಜಿ ಹಾಕಿ ಬಗೆದರೆ ಕೀವಾಗುವುದು ಖಂಡಿತ. ಉಣ್ಣಿ ಇಡಿಯಾಗಿ ಬಂದರೂ ತುರಿಸುವ ಗುಳ್ಳೆ ವಾರಗಟ್ಟಲೆ ಇರುವುದುಂಟು, ಅದು ಜೊಲ್ಲಿನ ಅಲರ್ಜಿ. ಕೆಂಪು ಹರಡುತ್ತಾ ಹೋದರೆ, ಬಿಸಿಯಾಗಿ ಕೀವು ಕಟ್ಟಿದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಾವು ಕಾಲೇಜಿನ ಗೆಳೆಯರು ಜನವರಿಯಲ್ಲಿ ಕುದುರೆಮುಖ ಚಾರಣಕ್ಕೆ ಹೊರಟಿದ್ದೇವೆ. ಮಳೆಗಾಲದಲ್ಲಿ ಹೋದಾಗ ಇಂಬಳಕ್ಕೆ ಉಪ್ಪು, ಹೊಗೆಸೊಪ್ಪು ಒಯ್ದಿದ್ದೆವು. ಉಣ್ಣಿಗೂ ಅದೇ ಸಾಕೇ? ಅದು ಮರದಿಂದ ಮೈಮೇಲೆ ಹಾರುತ್ತದಂತೆ, ಹೌದೇ?
— ವಿದ್ಯಾರ್ಥಿ, ಸುರತ್ಕಲ್

ಉತ್ತರ: ಇಂಬಳದ ಮದ್ದು ಉಣ್ಣಿಗೆ ನಡೆಯುವುದಿಲ್ಲ. ಇಂಬಳ ತೇವದ ಜೀವಿ, ಉಪ್ಪು ತಾಗಿದರೆ ಮುದುಡಿ ಉದುರುತ್ತದೆ. ಉಣ್ಣಿಯ ಹೊರಮೈ ಗಟ್ಟಿ, ಉಪ್ಪಿಗೆ ಅದು ಜಗ್ಗುವುದಿಲ್ಲ. ಕಾಲವೂ ಬೇರೆ. ಇಂಬಳ ಮಳೆಗಾಲದ್ದು. ಮನುಷ್ಯರನ್ನು ಹೆಚ್ಚಾಗಿ ಕಚ್ಚುವ ಎಳೆ ಉಣ್ಣಿಗಳ ಹಾವಳಿ ಮಳೆ ನಿಂತು ಎಲೆ ಒಣಗಿದ ಮೇಲೆ, ಡಿಸೆಂಬರಿನಿಂದ ಮೇವರೆಗೆ. ನೀವು ಹೊರಟಿರುವುದು ಸರಿಯಾಗಿ ಆ ಹೊತ್ತಿಗೇ.

ಉಣ್ಣಿ ಹಾರುವುದೂ ಇಲ್ಲ, ಜಿಗಿಯುವುದೂ ಇಲ್ಲ. ಕಾಲುದಾರಿಯ ಅಂಚಿನ ಹುಲ್ಲನ್ನು ಒಮ್ಮೆ ಬಗ್ಗಿ ಹತ್ತಿರದಿಂದ ನೋಡಿ. ಎಸಳಿನ ತುದಿಯಲ್ಲಿ ಎಳ್ಳಿಗಿಂತ ಚಿಕ್ಕ ಕಂದು ಚುಕ್ಕೆ ಇರುತ್ತದೆ. ಹಿಂದಿನ ಕಾಲುಗಳಲ್ಲಿ ಹುಲ್ಲನ್ನು ಹಿಡಿದು ಮುಂದಿನ ಎರಡನ್ನು ಗಾಳಿಗೆ ಚಾಚಿಕೊಂಡು ಕಾಯುತ್ತಿರುತ್ತದೆ. ಆ ಮುಂಗಾಲುಗಳಲ್ಲೇ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ಬಿಸಿಯನ್ನೂ ಗುರುತಿಸುವ ಅಂಗ ಇದೆ. ಪ್ಯಾಂಟು ಸವರಿದ ಕ್ಷಣಕ್ಕೆ ಅದು ಬಟ್ಟೆಗೆ ದಾಟಿ, ಮೇಲಕ್ಕೆ ಹತ್ತುತ್ತಾ ಹತ್ತುತ್ತಾ ಮೆತ್ತಗಿನ ಚರ್ಮ ಸಿಗುವವರೆಗೆ ಹೋಗುತ್ತದೆ. ತಲೆಯಲ್ಲಿ ಸಿಕ್ಕಿದ ಉಣ್ಣಿಯನ್ನು ಕಂಡು ಜನ ಮರದಿಂದ ಬಿತ್ತು ಎಂದುಕೊಳ್ಳುತ್ತಾರೆ. ಹೆಚ್ಚಾಗಿ ಅದು ಕಾಲಿನಿಂದ ಹತ್ತಿ ಬಂದದ್ದು.

ಹಾಗಾಗಿ ಅದು ಹತ್ತುವ ದಾರಿಯನ್ನೇ ಮುಚ್ಚಬೇಕು. ತೆಳು ಬಣ್ಣದ ಉದ್ದ ಪ್ಯಾಂಟು ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ನೋಡಲು ಚಂದವಿಲ್ಲ ಎಂದು ನಿಮ್ಮ ವಯಸ್ಸಿನವರು ಇದನ್ನು ಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ತೆಳು ಬಣ್ಣದ ಮೇಲೆ ಹರಿದಾಡುವ ಚುಕ್ಕೆ ಕಣ್ಣಿಗೆ ಬೀಳುತ್ತದೆ, ಕಚ್ಚುವ ಮೊದಲೇ ಕೊಡವಬಹುದು. ತೆರೆದ ಚರ್ಮಕ್ಕೂ ಶೂ ಮತ್ತು ಕಾಲುಚೀಲಕ್ಕೂ 20ರಿಂದ 30 ಶೇಕಡಾ ಡೀಟ್ (ಕೀಟಗಳನ್ನು ದೂರ ಇಡುವ ರಾಸಾಯನಿಕ) ಇರುವ ಲೇಪ ಹಚ್ಚಿ. ಸನ್‌ಸ್ಕ್ರೀನ್ ಹಚ್ಚುವುದಿದ್ದರೆ ಅದು ಮೊದಲು, ಡೀಟ್ ಆಮೇಲೆ. ಬೆವರಿದರೆ ಕೆಲವು ಗಂಟೆಗೆ ಅದರ ಪ್ರಭಾವ ಇಳಿಯುತ್ತದೆ, ಪೊಟ್ಟಣದ ಮೇಲೆ ಬರೆದ ಹಾಗೆ ಮತ್ತೆ ಹಚ್ಚಬೇಕು. ಬರೀ ಮಜ್ಜಿಗೆಹುಲ್ಲಿನ ಎಣ್ಣೆ ನಂಬಿ ಹೋಗುವುದನ್ನು ನಾನು ಒಪ್ಪುವುದಿಲ್ಲ.

ದಾರಿಯ ನಡುವಿನಲ್ಲೇ ನಡೆಯಿರಿ. ಊಟಕ್ಕೆ ಕೂರುವುದಾದರೆ ಬಂಡೆಯ ಮೇಲೆ, ಒಣ ಎಲೆಯ ರಾಶಿಯ ಮೇಲಲ್ಲ. ಬ್ಯಾಗನ್ನೂ ಹುಲ್ಲಿನಲ್ಲಿ ಎಸೆಯಬೇಡಿ. ಕೆಳಗಿಳಿದು ಹೋಂಸ್ಟೇ ತಲುಪಿದ ಕೂಡಲೇ ಚಹಾಕ್ಕಿಂತ ಮೊದಲು ಬಿಸಿನೀರಿನ ಸ್ನಾನ. ಅಲ್ಲೇ ಮೈಯನ್ನೆಲ್ಲ ಕೈಯಿಂದ ತಡವಿ ನೋಡಿ: ಕೂದಲಿನ ಬುಡ, ಕಿವಿಯ ಹಿಂದೆ, ಕಂಕುಳು, ಹೊಕ್ಕುಳು, ಚಡ್ಡಿಯ ಇಲಾಸ್ಟಿಕ್ ಮತ್ತು ಉಡಿದಾರದ ಅಡಿ, ತೊಡೆಸಂದು, ಮೊಣಕಾಲಿನ ಹಿಂದೆ, ಬೆರಳುಸಂದು. ಬೆನ್ನನ್ನು ಒಬ್ಬರಿಗೊಬ್ಬರು ನೋಡಿಕೊಳ್ಳಿ. ಬಟ್ಟೆಯನ್ನು ತಣ್ಣೀರಿನಲ್ಲಿ ಜಾಲಿಸಿದರೆ ಉಣ್ಣಿ ಸಾಯುವುದಿಲ್ಲ. ಕುದಿಯುವ ನೀರು ಸುರಿದು ನೆನೆಸಿ, ಚೆನ್ನಾಗಿ ಬಿಸಿಲಿಗೆ ಹಾಕಿ. ಚಾರಣದ ಕಿಟ್‌ನಲ್ಲಿ ಚಿಮುಟ ಇರಲಿ, ಕಾಡಿನಲ್ಲೇ ಸಿಕ್ಕಿದ ಉಣ್ಣಿಯನ್ನು ಊರಿಗೆ ಬಂದು ತೆಗೆಯೋಣ ಎಂದು ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಉಣ್ಣಿ 24 ಗಂಟೆ ಕಚ್ಚಿಕೊಂಡಿದ್ದರೆ ಮಾತ್ರ ರೋಗ ಹರಡುವುದು, ಕಚ್ಚಿದ ಮೇಲೆ ಒಂದು ಡೋಸ್ ಡಾಕ್ಸಿಸೈಕ್ಲಿನ್ ನುಂಗಿದರೆ ಸಾಕು ಎಂದು ವಿಡಿಯೊ ಒಂದರಲ್ಲಿ ನೋಡಿದೆ. ನಿಜವೇ?
— ಓದುಗರು, ಬಿಜೈ, ಮಂಗಳೂರು

ಉತ್ತರ: ಅದು ಅಮೆರಿಕ, ಯುರೋಪಿನ ಲೈಮ್ ರೋಗದ ಲೆಕ್ಕ. ಅದನ್ನು ತರುವ ಬ್ಯಾಕ್ಟೀರಿಯ ಉಣ್ಣಿಯ ಹೊಟ್ಟೆಯಿಂದ ಹೊರಟು ನಮ್ಮ ಮೈ ಸೇರಲು ಹೆಚ್ಚಾಗಿ ಒಂದು ದಿನಕ್ಕಿಂತ ಜಾಸ್ತಿ ಬೇಕಾಗುತ್ತದೆ. ಅಲ್ಲಿನ ಕೆಲವು ಸಂದರ್ಭಗಳಲ್ಲಿ ಒಂದು ಡೋಸ್ ಕೊಡುವ ಕ್ರಮವೂ ಉಂಟು. ನಮ್ಮ ಘಟ್ಟದ ಬುಡದಲ್ಲಿ ನಾವು ಹೆದರಬೇಕಾದದ್ದು ಕಾಡಿನ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಗೆ. ಅದು ವೈರಸ್. ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯದ ಮದ್ದು, ವೈರಸ್ಸಿಗೆ ತಾಗುವುದಿಲ್ಲ, 24 ಗಂಟೆಯ ಲೆಕ್ಕವನ್ನು ಅದಕ್ಕೆ ಹಾಕಿ ಧೈರ್ಯವಾಗಿ ಕೂರುವುದೂ ಸರಿಯಲ್ಲ. ಕಂಡ ಕೂಡಲೇ ತೆಗೆಯಬೇಕು, ಅಷ್ಟೇ. ಮಾತ್ರೆಯನ್ನು ನೀವಾಗಿ ತೆಗೆದುಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಬೆಳ್ತಂಗಡಿ ತಾಲ್ಲೂಕು, ಕಾಡಿನ ಬದಿಯ ಮನೆ. ಹಟ್ಟಿಗೆ ಹಾಸಲು, ಅಡಿಕೆ ಬುಡಕ್ಕೆ ಹಾಕಲು ತರಗೆಲೆ ಬೇಕೇ ಬೇಕು. ಈ ವರ್ಷ ಗುಡ್ಡೆಗೆ ಹೋಗಿ ಬಂದಾಗಲೆಲ್ಲ ಕುತ್ತಿಗೆಯಲ್ಲಿ ಉಣ್ಣಿ. ಮಕ್ಕಳು ಹೋಗಬೇಡಿ ಎನ್ನುತ್ತಾರೆ, ಹೋಗದಿದ್ದರೆ ತೋಟ ನಡೆಯುವುದು ಹೇಗೆ? ನನಗೆ ಅರವತ್ತು ದಾಟಿತು.
— ಕೃಷಿಕ ಮಹಿಳೆ

ಉತ್ತರ: ಅಮ್ಮ, ಈ ಕಂತೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಪತ್ರ ನಿಮ್ಮದು. ಚಾರಣಕ್ಕೆ ಹೋಗುವವರು ವರ್ಷಕ್ಕೊಮ್ಮೆ ಹೋದಾರು. ನೀವು ದಿನಾ ಹೋಗುತ್ತೀರಿ, ಮತ್ತು ನಿಮಗೆ ಅದು ಬದುಕು.

ನಿಮ್ಮ ತಾಲ್ಲೂಕಿಗೆ ಈ ಕಾಯಿಲೆಯ ನೆನಪು ಚೆನ್ನಾಗಿಯೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ವೈರಸ್ ಮೊದಲು ಸಿಕ್ಕಿತು, ಕಾಡಿನ ಹೆಸರೇ ರೋಗಕ್ಕೂ ಬಂತು, ವೈದ್ಯಕೀಯದಲ್ಲಿ ಮಂಗನ ಕಾಯಿಲೆಯನ್ನು ಕ್ಯಾಸನೂರು ಕಾಡಿನ ಕಾಯಿಲೆ (ಕೆಎಫ್‌ಡಿ) ಎನ್ನುತ್ತಾರೆ. 1982–83ರ ಹೊತ್ತಿಗೆ ಬೆಳ್ತಂಗಡಿಯಲ್ಲಿ ದೊಡ್ಡದಾಗಿ ಹಬ್ಬಿತು. ಗೇರು ತೋಟಕ್ಕಾಗಿ ಹಳೆಯ ಕಾಡನ್ನು ಕಡಿದು ಬೋಳು ಮಾಡಿದ ಬೆನ್ನಿಗೆ ಬಂದ ಹಾವಳಿ ಅದು. ಕಾಡು ಕಡಿದ ಕಡೆ ಮುಳ್ಳುಪೊದೆ, ಲಂಟಾನ ಬೆಳೆಯುತ್ತದೆ, ದನ ಅಲ್ಲಿಗೆ ಮೇಯಲು ಹೋಗುತ್ತದೆ, ಜನ ಸೌದೆಗೆ ಸೊಪ್ಪಿಗೆ ಹೋಗುತ್ತಾರೆ. ಉಣ್ಣಿಗೆ ಬೇಕಾದದ್ದೆಲ್ಲ ಒಂದೇ ಕಡೆ ಸೇರುತ್ತದೆ. ದನಕ್ಕೆ ಮಂಗನ ಕಾಯಿಲೆ ಬರುವುದಿಲ್ಲ, ಆದರೆ ದೊಡ್ಡ ಉಣ್ಣಿ ಹೊಟ್ಟೆ ತುಂಬಿಸಿಕೊಳ್ಳುವುದು ಅದರ ಮೈಯಲ್ಲೇ.

ಕುತ್ತಿಗೆಯಲ್ಲೇ ಯಾಕೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಲೆಯ ಕಟ್ಟನ್ನು ತಲೆಹೊರೆ ಮಾಡಿ ತರುತ್ತೀರಿ. ನಡೆಯುವಾಗ ಕಟ್ಟು ಅಲುಗಿ, ನೆಲದ ಎಲೆಯ ಜೊತೆ ಬಂದ ಎಳೆ ಉಣ್ಣಿಗಳು ಕುತ್ತಿಗೆಗೂ ಹೆಗಲಿಗೂ ಉದುರುತ್ತವೆ. ಮುಟ್ಟಾಳೆ ಇಟ್ಟುಕೊಂಡರೂ ಅದರ ಅಂಚಿನ ಕೆಳಗೆ ಕಿವಿಯ ಹಿಂಭಾಗ ತೆರೆದೇ ಇರುತ್ತದೆ. ಕಟ್ಟಿಗೆ ಹಳೆಯ ಪ್ಲಾಸ್ಟಿಕ್ ಗೋಣಿ ಬಳಸಿ ಬಾಯಿ ಕಟ್ಟಿದರೆ, ತಲೆಯ ಬದಲು ಕೈಗಾಡಿಯಲ್ಲಿ ತಂದರೆ ಅರ್ಧ ತೊಂದರೆ ಕಡಿಮೆ. ತಲೆಯಲ್ಲೇ ತರಬೇಕಾದರೆ ತೆಳು ಬಣ್ಣದ ಬೈರಾಸನ್ನು ಕಿವಿ ಕುತ್ತಿಗೆ ಮುಚ್ಚುವ ಹಾಗೆ ಸುತ್ತಿಕೊಳ್ಳಿ. ಉದ್ದ ತೋಳಿನ ಅಂಗಿ ಹಾಕಿ, ಸೀರೆಯ ಒಳಗೆ ಹಳೆಯ ಪೈಜಾಮ ಇರಲಿ, ಅದರ ತುದಿ ಕಾಲುಚೀಲದೊಳಗೆ ಹೋಗಲಿ.

ಹೊರಡುವ ಮೊದಲು ಡೆಪಾ ಎಣ್ಣೆ ಹಚ್ಚಿ. ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ತಯಾರಿಸಿದ ಲೇಪ ಅದು, ಮಂಗನ ಕಾಯಿಲೆಯ ಭಯ ಇರುವ ಕಡೆ ಆರೋಗ್ಯ ಇಲಾಖೆಯವರೇ ಹಂಚುತ್ತಾರೆ. ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ. ನಾಚಿಕೆಪಡದೆ ಕೇಳಿ, ಅದು ನಿಮಗಾಗಿಯೇ ಬಂದದ್ದು. ಕೈಕಾಲು, ಕುತ್ತಿಗೆಗೆ ತೆಳುವಾಗಿ ಸವರಿ. ಕಣ್ಣು ಬಾಯಿಗೆ, ಗಾಯಕ್ಕೆ ತಾಗಿಸಬೇಡಿ. ಎಲೆ ಅಡಿಕೆ ಹಾಕುವ ಮೊದಲು ಕೈ ತೊಳೆಯಿರಿ. ಮನೆಗೆ ಬಂದು ಬಿಸಿನೀರಿನಲ್ಲಿ ಸೋಪು ಹಾಕಿ ಮಿಂದುಬಿಡಿ, ಉಟ್ಟ ಬಟ್ಟೆ ನೇರ ಬಿಸಿನೀರಿಗೆ ಹೋಗಲಿ. ಬಚ್ಚಲ ಹಂಡೆಯಲ್ಲಿ ಬಿಸಿನೀರು ಹೇಗೂ ಇರುತ್ತದಲ್ಲ.

ತಂದ ಎಲೆಯನ್ನು ಜಗಲಿಯ ಬದಿಯಲ್ಲಿ ರಾಶಿ ಹಾಕಬೇಡಿ. ಮನೆಯಿಂದ ದೂರ, ಬಿಸಿಲು ಬೀಳುವ ಕಡೆ ಹರಡಿ. ನನ್ನ ನಿಜವಾದ ಕೋರಿಕೆ ಇನ್ನೊಂದು: ಜನವರಿಯಿಂದ ಏಪ್ರಿಲ್‌ವರೆಗೆ ಕಾಡಿನೊಳಗಿನ ಎಲೆಯನ್ನು ಆದಷ್ಟು ಬಿಡಿ. ಹಟ್ಟಿಗೆ ಬೈಹುಲ್ಲು, ತೋಟದ್ದೇ ಸೋಗೆ, ತೆಂಗಿನ ಸಿಪ್ಪೆ ಹಾಸಿ. ಖರ್ಚು ಸ್ವಲ್ಪ ಬೀಳುತ್ತದೆ, ಗೊತ್ತು. ಈ ಮಾತನ್ನು ನಿಮ್ಮ ಮಕ್ಕಳಿಗೂ ಹೇಳುತ್ತಿದ್ದೇನೆ. ಅಮ್ಮ ಹೋಗಬಾರದು ಎಂದಾದರೆ ಎರಡು ಲೋಡು ಬೈಹುಲ್ಲಿನ ಹಣ ಕೊಡಿ, ಬರೀ ಫೋನಿನಲ್ಲಿ ‘ಹೋಗಬೇಡ’ ಎಂದರೆ ಸಾಲದು. ದನಗಳ ಉಣ್ಣಿಗೆ ಪಶುವೈದ್ಯರು ಹೇಳಿದ ಔಷಧಿಯನ್ನು ಹೇಳಿದ ಪ್ರಮಾಣದಲ್ಲೇ ಹಾಕಿಸಿ. ಅದೇ ದ್ರಾವಣವನ್ನು ಮನುಷ್ಯರ ಮೈಗೆ ಹಚ್ಚಿಕೊಂಡು ಬಂದವರನ್ನು ನೋಡಿದ್ದೇನೆ, ಅದು ವಿಷ.

ಗುಡ್ಡೆಯಲ್ಲಿ ಮುಜು (ಮುಸುವ) ಅಥವಾ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ. ಮಂಗನ ಮೈ ತಣ್ಣಗಾದ ಕೂಡಲೇ ಅದರ ಉಣ್ಣಿಗಳೆಲ್ಲ ಕೆಳಗಿಳಿದು ಸುತ್ತಲೂ ಹರಡಿರುತ್ತವೆ. ಪಂಚಾಯತಿಗೆ, ಆರೋಗ್ಯ ಕೇಂದ್ರಕ್ಕೆ ಅಥವಾ 104ಕ್ಕೆ ಫೋನು ಮಾಡಿದರೆ ಅವರು ಬಂದು ಪರೀಕ್ಷೆಗೆ ಒಯ್ಯುತ್ತಾರೆ, ಆ ಜಾಗಕ್ಕೆ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹಾಕುತ್ತಾರೆ. ಆ ಕಡೆಯ ದಾರಿಯನ್ನು ಈ ಋತುವಿಡೀ ಬಿಟ್ಟುಬಿಡಿ.

ಪ್ರಶ್ನೆ: ಉಣ್ಣಿ ಕಚ್ಚಿದ ಮೇಲೆ ಯಾವ ಜ್ವರಕ್ಕೆ ಹೆದರಬೇಕು? ನಮ್ಮಲ್ಲಿ ಜ್ವರ ಎಂದರೆ ಮೊದಲು ಮಲೇರಿಯಾ ನೋಡುತ್ತಾರೆ.
— ಓದುಗರು, ಮೂಡುಬಿದಿರೆ

ಉತ್ತರ: ಮಲೇರಿಯಾ ನೋಡುವುದು ಸರಿಯೇ, ಮಂಗಳೂರಿನ ಸುತ್ತ ಅದು ಬಿಟ್ಟುಹೋದ ರೋಗವಲ್ಲ. ಆದರೆ ಮಲೇರಿಯಾ, ಡೆಂಗ್ಯೂ, ಇಲಿಜ್ವರ, ಮಂಗನ ಕಾಯಿಲೆ ಮೊದಲೆರಡು ದಿನ ಒಂದೇ ಥರ ಇರುತ್ತವೆ. ‘ಹತ್ತು ದಿನದ ಹಿಂದೆ ಚಾರ್ಮಾಡಿ ಕಡೆ ಹೋಗಿದ್ದೆ, ಉಣ್ಣಿ ಕಚ್ಚಿತ್ತು’ ಎಂಬ ನಿಮ್ಮ ಒಂದು ವಾಕ್ಯ ಡಾಕ್ಟರ ಯೋಚನೆಯನ್ನೇ ತಿರುಗಿಸುತ್ತದೆ. ಕ್ಯಾಲೆಂಡರಿನಲ್ಲಿ ಬರೆದಿಡಿ ಎಂದು ಹೇಳಿದ್ದು ಇದಕ್ಕೇ.

ಮಂಗನ ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನದಲ್ಲಿ ಶುರುವಾಗುತ್ತದೆ. ಚಳಿಯೊಂದಿಗೆ ಫಕ್ಕನೆ ಏರುವ ಜ್ವರ, ಹಣೆ ಒಡೆಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡದ ನೋವು, ಕಣ್ಣು ಕೆಂಪು, ವಾಂತಿ ಭೇದಿ. ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ ಬರುತ್ತದೆ. ಹೆಚ್ಚಿನವರು ಒಂದೆರಡು ವಾರದಲ್ಲಿ ಚೇತರಿಸುತ್ತಾರೆ. 10ರಿಂದ 20 ಶೇಕಡಾ ಮಂದಿಗೆ ಜ್ವರ ಬಿಟ್ಟು ಒಂದೆರಡು ವಾರ ಆರಾಮವಾಗಿದ್ದು ಮತ್ತೆ ಬರುತ್ತದೆ. ಆ ಎರಡನೇ ಸುತ್ತಿನಲ್ಲಿ ತಲೆನೋವು, ಕೈ ನಡುಕ, ಮಂಪರು, ಗೊಂದಲದ ಮಾತು ಕಾಣಿಸಬಹುದು. ಹಾಗಾಗಿ ಮೊದಲ ಜ್ವರ ಇಳಿದ ಕೂಡಲೇ ಗದ್ದೆ ಕೆಲಸಕ್ಕೆ ಹೊರಡಬೇಡಿ. ಸಾವಿನ ಪ್ರಮಾಣ 3ರಿಂದ 5 ಶೇಕಡಾ. ವೈರಸ್ ಕೊಲ್ಲುವ ಮದ್ದಿಲ್ಲ, ಆದರೆ ಸಮಯಕ್ಕೆ ಸರಿಯಾಗಿ ಆಸ್ಪತ್ರೆ ಸೇರಿ ನೀರಿನಂಶ, ರಕ್ತಸ್ರಾವ ನೋಡಿಕೊಂಡರೆ ಜೀವ ಉಳಿಯುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡವೇ ಬೇಡ, ರಕ್ತಸ್ರಾವ ಹೆಚ್ಚಾದೀತು. ಮೊದಲ ದಿನಗಳ ರಕ್ತದಲ್ಲಿ ಆರ್‌ಟಿಪಿಸಿಆರ್ ಪರೀಕ್ಷೆ ಖಚಿತವಾಗಿ ಹೇಳುತ್ತದೆ. ತಡವಾದಷ್ಟೂ ವೈರಸ್ ಸಿಗುವುದಿಲ್ಲ, ಆಗ ರಕ್ತದಲ್ಲಿ ಐಜಿಎಂ ಎಂಬ ಪ್ರತಿಕಾಯ ಇದೆಯೇ ಎಂದು ನೋಡಬೇಕಾಗುತ್ತದೆ.

ಇನ್ನೊಂದು ಜ್ವರ ಸ್ಕ್ರಬ್ ಟೈಫಸ್. ಅದು ಉಣ್ಣಿಯದ್ದಲ್ಲ, ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಮರಿಯದ್ದು. ಆದರೆ ಸಿಗುವುದು ಅದೇ ಪೊದೆಯಲ್ಲಿ, ನಮ್ಮ ಉಡುಪಿ ಕಡೆ ಬೇಕಾದಷ್ಟಿದೆ. ಕಂಕುಳಲ್ಲೋ ತೊಡೆಸಂದಿಯಲ್ಲೋ ಬೀಡಿ ತಾಗಿ ಸುಟ್ಟಂಥ ಕಪ್ಪು ಹಕ್ಕಳೆ ಇದ್ದರೆ, ನೋವಿಲ್ಲ ಎಂದು ಬಿಡದೆ ಡಾಕ್ಟರಿಗೆ ತೋರಿಸಿ. ಅಂಗೈ, ಅಂಗಾಲಿನಲ್ಲೂ ಕೆಂಪು ಚುಕ್ಕೆ ಎದ್ದರೆ ಉಣ್ಣಿಯಿಂದಲೇ ಬರುವ ಟೈಫಸ್ ಜ್ವರ ಇರಬಹುದು. ಇವೆರಡಕ್ಕೂ ಡಾಕ್ಸಿಸೈಕ್ಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ತಡ ಮಾಡಿದರೆ ಶ್ವಾಸಕೋಶ, ಮೂತ್ರಪಿಂಡಕ್ಕೆ ಇಳಿಯುತ್ತದೆ.

ಪ್ರಶ್ನೆ: ಫ್ಲ್ಯಾಟ್‌ನಲ್ಲಿ ನಾಯಿ ಸಾಕಿದ್ದೇವೆ. ಉಣ್ಣಿಗಳು ಗೋಡೆ ಹತ್ತುತ್ತಿವೆ. ಇದರಿಂದ ಮಂಗನ ಕಾಯಿಲೆ ಬಂದೀತೇ?
— ಓದುಗರು, ಕದ್ರಿ, ಮಂಗಳೂರು

ಉತ್ತರ: ಅದರ ಭಯ ಬೇಡ, ಮಂಗನ ಕಾಯಿಲೆ ಕಾಡಿನ ಉಣ್ಣಿಯದ್ದು. ನಿಮ್ಮದು ನಾಯಿಯ ಕಂದು ಉಣ್ಣಿ, ಮನೆಯೊಳಗೇ ಸಂಸಾರ ಹೂಡುವ ಜಾತಿ. ರಕ್ತ ಕುಡಿದು ಉಬ್ಬಿದ ಹೆಣ್ಣು ನಾಯಿಯಿಂದ ಉದುರಿ, ಗೋಡೆ ಹತ್ತಿ ಬಿರುಕಿನಲ್ಲಿ, ಸ್ವಿಚ್‌ಬೋರ್ಡಿನ ಹಿಂದೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹಾಗಾಗಿ ನಾಯಿಗೊಂದೇ ಮದ್ದು ಮಾಡಿದರೆ ಸಾಲದು. ಪಶುವೈದ್ಯರು ತೂಕ ನೋಡಿ ಕೊಡುವ ಜಗಿಯುವ ಮಾತ್ರೆ ಈಗ ಸಿಗುತ್ತದೆ, ಅದನ್ನು ತಪ್ಪದೆ ಕೊಡಿ. ಅದೇ ವಾರ ಬಿರುಕುಗಳಿಗೆ ಕೀಟನಾಶಕ ಹೊಡೆಸಿ ಸಿಮೆಂಟ್ ಹಚ್ಚಿಸಿ, ನಾಯಿಯ ಹಾಸಿಗೆಯನ್ನು ಕುದಿನೀರಿನಲ್ಲಿ ಒಗೆಯಿರಿ. ಮನೆಯಲ್ಲಿ ಬೆಕ್ಕೂ ಇದ್ದರೆ ನಾಯಿಯ ಪರ್ಮೆಥ್ರಿನ್ ಔಷಧಿ ಅದಕ್ಕೆ ತಾಗದಂತೆ ನೋಡಿ, ಬೆಕ್ಕಿನ ಜೀವಕ್ಕೇ ಅಪಾಯ. ಈ ಉಣ್ಣಿಯೂ ಅಪರೂಪಕ್ಕೆ ಮನುಷ್ಯರನ್ನು ಕಚ್ಚಿ ಟೈಫಸ್ ತರಬಲ್ಲದು. ಮಕ್ಕಳು ಆಟಕ್ಕೆಂದು ಕಿತ್ತು ಬೆರಳಿನಲ್ಲಿ ಒಡೆಯಲು ಬಿಡಬೇಡಿ.

ಪ್ರಶ್ನೆ: ಮಂಗನ ಕಾಯಿಲೆಗೆ ಲಸಿಕೆ ಇತ್ತಲ್ಲ, ಈಗ ಯಾಕೆ ಕೊಡುತ್ತಿಲ್ಲ?
— ಓದುಗರು, ಕುಂದಾಪುರ

ಉತ್ತರ: 1990ರಿಂದ ಕೊಡುತ್ತಿದ್ದ ಹಳೆಯ ಲಸಿಕೆಯ ರಕ್ಷಣೆ ಸಾಲದು ಎಂದು ಕಂಡುಬಂದದ್ದರಿಂದ 2022ರಲ್ಲಿ ನಿಲ್ಲಿಸಿದರು. ಹೊಸದನ್ನು ತಯಾರಿಸುವ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜೊತೆಗೂಡಿ ನಡೆಯುತ್ತಿದೆ. ಅದು ಕೈಗೆ ಬರುವವರೆಗೆ ಮೈಗೆ ಲೇಪ, ಮುಚ್ಚುವ ಬಟ್ಟೆ, ಬಿಸಿನೀರಿನ ಸ್ನಾನ, ಇವೇ ನಮ್ಮ ರಕ್ಷಣೆ.

ಪ್ರಶ್ನೆ: ಪಕ್ಕದ ಮನೆಯವರು ಮಂಗನ ಕಾಯಿಲೆಯಾಗಿ ಆಸ್ಪತ್ರೆಯಿಂದ ಬಂದಿದ್ದಾರೆ. ಊರಿನವರು ಯಾರೂ ಅವರ ಅಂಗಳಕ್ಕೆ ಕಾಲಿಡುತ್ತಿಲ್ಲ. ನಾನು ಹೋಗಬಹುದೇ? ಮನೆಯಲ್ಲಿ ಸಣ್ಣ ಮಗು ಉಂಟು.
— ಹೆಸರು ಬೇಡ ಎಂದವರು, ಹೆಬ್ರಿ ಹತ್ತಿರ

ಉತ್ತರ: ಖಂಡಿತ ಹೋಗಿ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಕೆಮ್ಮಿದರೆ ಬರುವುದಿಲ್ಲ, ಅವರ ಬಟ್ಟಲಿನಲ್ಲಿ ಉಂಡರೆ ಬರುವುದಿಲ್ಲ, ಬಳಿಯಲ್ಲಿ ಕೂತರೂ ಬರುವುದಿಲ್ಲ. ಉಣ್ಣಿ ಕಚ್ಚಿದರೆ ಮಾತ್ರ, ಇಲ್ಲವೇ ಕಾಯಿಲೆಯಾದ ಮಂಗವನ್ನು ಮುಟ್ಟಿದರೆ. ಊರಿನವರಿಗೂ ಇದನ್ನು ಹೇಳಿ, ಬೇಕಿದ್ದರೆ ಈ ಪುಟವನ್ನೇ ತೋರಿಸಿ. ಅವರಿಗೆ ಇನ್ನೂ ಕೆಲವು ವಾರ ಸುಸ್ತು ಇರುತ್ತದೆ, ಎದ್ದು ಹಟ್ಟಿ ಕೆಲಸ ಮಾಡಲು ಆಗುವುದಿಲ್ಲ. ಗಂಜಿ ಊಟ ಕೊಟ್ಟು ಬನ್ನಿ, ದನಕ್ಕೆ ನಿಮ್ಮಲ್ಲಿನ ಬೈಹುಲ್ಲು ಹಾಕಿ. ಜ್ವರ ಮರುಕಳಿಸಿದರೆ, ಮಾತು ತಡವರಿಸಿದರೆ ಅದೇ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಲು ಒಂದು ವಾಹನದ ವ್ಯವಸ್ಥೆ ಮಾಡಿಟ್ಟಿರಿ. ಅವರು ಹಿಂದೆ ಸೊಪ್ಪು ತರುತ್ತಿದ್ದ ಗುಡ್ಡೆಗೆ ಮಾತ್ರ ಮಳೆ ಹಿಡಿಯುವವರೆಗೆ ನೀವೂ ಹೋಗಬೇಡಿ, ನಿಮ್ಮ ದನವನ್ನೂ ಬಿಡಬೇಡಿ.